ಹಾಜರಿ ಪುಸ್ತಕದಲ್ಲಿ ಹದಿನಾರು ದಿನ

ಹುರಿದ ಎಳ್ಳಿನ ಘಮ ಜಗಲಿಯ ತನಕ ಬಂದಿತ್ತು. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಹೆಂಚಿನ ಮನೆ. ಅಡುಗೆಮನೆಯ ನೆಲದ ಮೇಲೆ ಕೂತು ಅರವತ್ತೆಂಟರ ಹಿರಿಯಾಕೆಯೊಬ್ಬರು ಬೆಲ್ಲ ಜಜ್ಜುತ್ತಿದ್ದರು. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ ಅವರು. ಎದುರಿಗೆ ಕೊಬ್ಬರಿ ತುರಿಯುತ್ತಿದ್ದವಳು ಅವರ ತಮ್ಮನ ಮಗಳು, ಮೈಸೂರಿನಲ್ಲಿ ಮಕ್ಕಳ ಡಾಕ್ಟರು. ಬೆಳವಣಿಗೆ ಮತ್ತು ಹಾರ್ಮೋನಿನ ತೊಂದರೆ ಇರುವ ಮಕ್ಕಳನ್ನೇ ಹೆಚ್ಚಾಗಿ ನೋಡುವವಳು. ಇಬ್ಬರ ನಡುವೆ ಚಿಗಳಿ ಉಂಡೆಗೆ ಬೇಕಾದ ಸಾಮಾನು ಹರಡಿತ್ತು. ಭಾನುವಾರ ಮನೆಯಲ್ಲಿ ಆರತಿ ಶಾಸ್ತ್ರ.

ಆರತಿ ಯಾರಿಗೋ ಆ ಹುಡುಗಿ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಬಣ್ಣದ ಪೆನ್ಸಿಲಿನಲ್ಲಿ ನವಿಲು ಬರೆಯುತ್ತಿದ್ದಳು. ನಾಲ್ಕನೇ ಕ್ಲಾಸು. ಹತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು.

“ನಾನು ಮೈನೆರೆದಾಗ ಹದಿನಾಲ್ಕು ತುಂಬಿ ಹದಿನೈದರಲ್ಲಿದ್ದೆ,” ಎಂದರು ಅತ್ತೆ. “ನನ್ನ ಮಗಳು ಹನ್ನೆರಡೂವರೆಗೆ ದೊಡ್ಡವಳಾದಳು. ಮೊಮ್ಮಗಳು ಒಂಬತ್ತಕ್ಕೇ ಆಗಿಹೋಯ್ತಲ್ಲೇ! ಮೆಟ್ಟಿಲು ಇಳಿದ ಹಾಗೆ ಇಳೀತಾ ಇದೆ. ಹೀಗೇ ಹೋದರೆ ಇವಳ ಮಗಳ ಕಾಲಕ್ಕೆ ಏಳಕ್ಕೆ ಬಂದು ನಿಲ್ಲುತ್ತೇನೋ.”

“ನಮ್ಮ ಮನೆ ಮೆಟ್ಟಿಲು ನೋಡಿ ದೇಶದ ಲೆಕ್ಕ ಹೇಳೋಕಾಗಲ್ಲ ಅತ್ತೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಅಂತ ಒಂದಿದೆ. ದೇಶದ ಉದ್ದಗಲಕ್ಕೂ ಹೆಂಗಸರನ್ನ ಕೇಳಿ ಬರೆದುಕೊಂಡಿದ್ದು. ಅದನ್ನಿಟ್ಟುಕೊಂಡು 2014ರಲ್ಲಿ ಲೆಕ್ಕ ಹಾಕಿದರು. 1955ರಿಂದ 64ರೊಳಗೆ ಹುಟ್ಟಿದವರು, ಅಂದರೆ ನಿಮ್ಮ ವಾರಿಗೆಯವರು, ಸರಾಸರಿ 13.83 ವರ್ಷಕ್ಕೆ ಮೊದಲ ಸಲ ಮುಟ್ಟಾಗಿದ್ದರು. 1985ರಿಂದ 89ರಲ್ಲಿ ಹುಟ್ಟಿದವರಲ್ಲಿ ಅದು 13.62. ಹತ್ತು ವರ್ಷಕ್ಕೆ ಸುಮಾರು ಒಂದು ತಿಂಗಳು ಇಳಿದ ಹಾಗಾಯ್ತು.”

ಟೀಚರಮ್ಮ ಒಪ್ಪಲಿಲ್ಲ. ಅವರ ಹತ್ತಿರ ಬೇರೆ ದಾಖಲೆ ಇತ್ತು. “ನನ್ನ ಹಾಜರಿ ಪುಸ್ತಕ ಹಾಗೆ ಹೇಳಲ್ಲ ಕಣೇ. ನಾನು 1983ರಲ್ಲಿ ಕೆಲಸಕ್ಕೆ ಸೇರಿದೆ. ಏಳನೇ ಕ್ಲಾಸಿನ ಹುಡುಗಿ ಒಬ್ಬಳ ಹೆಸರಿನ ಮುಂದೆ ಇದ್ದಕ್ಕಿದ್ದ ಹಾಗೆ ಸಾಲಾಗಿ ಗೈರು ಬೀಳೋದು. ಹನ್ನೊಂದು ದಿನ, ಕೆಲವರ ಮನೇಲಿ ಹದಿನಾರು ದಿನ. ಯಾಕೆ ಅಂತ ಯಾರೂ ಹೇಳ್ತಿರಲಿಲ್ಲ, ನಾನೂ ಕೇಳ್ತಿರಲಿಲ್ಲ. ಗೊತ್ತಾಗ್ತಿತ್ತು. ಏಳನೇ ಕ್ಲಾಸಲ್ಲಿ ವರ್ಷಕ್ಕೆ ಒಂದೋ ಎರಡೋ ಅಂಥ ಸಾಲು. ಉಳಿದವರಿಗೆ ಹೈಸ್ಕೂಲಿಗೆ ಹೋದಮೇಲೆ. 2017ರಲ್ಲಿ ನಾನು ನಿವೃತ್ತಳಾಗೋ ಹೊತ್ತಿಗೆ ಆ ಸಾಲು ಐದನೇ ಕ್ಲಾಸಿನ ಪುಸ್ತಕದಲ್ಲೇ ಕಾಣೋದಕ್ಕೆ ಶುರುವಾಗಿತ್ತು. ಇದಕ್ಕೇನು ಹೇಳ್ತೀಯ?”

“ಎರಡೂ ನಿಜ ಅಂತೀನಿ. ಆ ಸಮೀಕ್ಷೆಯ ಲೆಕ್ಕ 1989ರಲ್ಲಿ ಹುಟ್ಟಿದವರಿಗೆ ಮುಗಿದುಹೋಗುತ್ತೆ. ನೀವು ನೋಡಿರೋದು ಆಮೇಲೆ ಹುಟ್ಟಿದ ಮಕ್ಕಳನ್ನ. ಸರಾಸರಿ ಒಂದೊಂದೇ ತಿಂಗಳು ಜರುಗಿದರೂ, ತೀರಾ ಬೇಗ ಆಗೋ ಮಕ್ಕಳ ಸಂಖ್ಯೆ ಅದಕ್ಕಿಂತ ಜೋರಾಗಿ ಹೆಚ್ಚಬಹುದು. ಅಮೆರಿಕದಲ್ಲಿ 71 ಸಾವಿರಕ್ಕೂ ಮೀರಿದ ಹೆಂಗಸರ ಲೆಕ್ಕ 2024ರಲ್ಲಿ ಬಂತು. 1950ರಿಂದ 69ರೊಳಗೆ ಹುಟ್ಟಿದವರಲ್ಲಿ ಸರಾಸರಿ 12.5 ವರ್ಷ, 2000ದಿಂದ 2005ರೊಳಗೆ ಹುಟ್ಟಿದವರಲ್ಲಿ 11.9. ನೋಡೋಕೆ ಏಳು ತಿಂಗಳಷ್ಟೇ ವ್ಯತ್ಯಾಸ. ಆದರೆ ಹನ್ನೊಂದು ತುಂಬೋದಕ್ಕೆ ಮುಂಚೆ ಆದವರು ನೂರಕ್ಕೆ 8.6 ಇದ್ದದ್ದು 15.5ಕ್ಕೆ ಏರಿದಾರೆ. ನಿಮ್ಮ ಪುಸ್ತಕಕ್ಕೆ ಬಿದ್ದದ್ದೂ ಇಂಥ ಮಕ್ಕಳೇ ಇರಬೇಕು.”

ಬೆಲ್ಲ ಪುಡಿಯಾಗಿತ್ತು. ಅತ್ತೆ ಅದನ್ನು ಜರಡಿಗೆ ಹಾಕಿ ಗಂಟುಗಳನ್ನು ಮತ್ತೆ ಜಜ್ಜತೊಡಗಿದರು. ನಮ್ಮದು ಬಿಸಿಲಿನ ಸೀಮೆ, ಅದಕ್ಕೇ ನಮ್ಮ ಹುಡುಗಿಯರು ಬೇಗ ನೆರೆಯುತ್ತಾರೆ ಎಂದು ತಾವು ಟ್ರೈನಿಂಗಿನಲ್ಲಿದ್ದಾಗ ಕೇಳಿದ್ದನ್ನು ನೆನಪಿಸಿಕೊಂಡರು.

ಈ ಮಾತಿಗೆ ದೊಡ್ಡ ವಂಶಾವಳಿಯೇ ಇದೆ ಎಂದಳು ಡಾಕ್ಟರು. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಬರೆದ ತನ್ನ ಪ್ರಸಿದ್ಧ ಕಾನೂನು ಗ್ರಂಥದಲ್ಲಿ, ಬಿಸಿ ದೇಶಗಳ ಹೆಣ್ಣುಮಕ್ಕಳು ಎಂಟು, ಒಂಬತ್ತು, ಹತ್ತಕ್ಕೇ ಮದುವೆಗೆ ಸಿದ್ಧರಾಗುತ್ತಾರೆ ಎಂದಿದ್ದ. ನೂರು ವರ್ಷದ ನಂತರ ಮ್ಯಾಂಚೆಸ್ಟರಿನ ಜಾನ್ ರಾಬರ್ಟನ್ ಎಂಬ ವೈದ್ಯ ಬೇರೆ ಬೇರೆ ದೇಶಗಳಿಂದ ವಯಸ್ಸಿನ ಪಟ್ಟಿ ತರಿಸಿಕೊಂಡು, ಹವೆಯಿಂದ ಅಂಥ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ವಾದಿಸಿದ. ಬಾಲ್ಯವಿವಾಹ ಹವೆಯಿಂದ ಬಂದದ್ದಲ್ಲ, ಪದ್ಧತಿಯಿಂದ ಬಂದದ್ದು ಎಂಬುದು ಅವನ ನಿಲುವು.

“ನಮ್ಮಲ್ಲೂ ಶಾಸ್ತ್ರದ ವಯಸ್ಸೇ ಬೇರೆ, ವೈದ್ಯದ ವಯಸ್ಸೇ ಬೇರೆ,” ಎಂದಳು ಅವಳು. “ಪರಾಶರ ಸ್ಮೃತಿಯಲ್ಲಿ ಎಂಟು ವರ್ಷದವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ. ಅದು ದಾಟಿದರೆ ರಜಸ್ವಲೆ. ಅಷ್ಟರೊಳಗೆ ಧಾರೆ ಎರೆದುಬಿಡಿ ಅನ್ನೋ ಅವಸರ ಅದು. ಸುಶ್ರುತ ಸಂಹಿತೆಯಲ್ಲಿ ಮುಟ್ಟು ಹನ್ನೆರಡಕ್ಕೆ ಶುರುವಾಗಿ ಐವತ್ತಕ್ಕೆ ನಿಲ್ಲುತ್ತೆ ಅಂತಿದೆ. ಮೈ ನೋಡಿದವರು ಹನ್ನೆರಡು ಅಂದರು, ಮದುವೆ ಮಾಡಿಸೋರು ಹತ್ತು ಅಂದರು.”

“ಯುರೋಪಿನವರದ್ದು ಎಷ್ಟಿತ್ತಂತೆ?”

“ನಾರ್ವೆಯಂಥ ದೇಶಗಳಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ 16–17 ವರ್ಷ! ಇಪ್ಪತ್ತನೇ ಶತಮಾನದ ನಡುವಿಗೆ ಅದು 13ರ ಹತ್ತಿರಕ್ಕೆ ಬಂತು. ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಅನ್ನೋ ಮಕ್ಕಳ ವೈದ್ಯ ಈ ಲೆಕ್ಕಗಳನ್ನೆಲ್ಲ ಒಟ್ಟು ಮಾಡಿದವನು. ಇವತ್ತಿಗೂ ನಾವು ಮಗುವಿನ ಬೆಳವಣಿಗೆಯನ್ನ ಐದು ಹಂತ ಮಾಡಿ ಬರೆಯೋದು ಅವನ ಹೆಸರಿನಲ್ಲೇ. ಹೊಟ್ಟೆ ತುಂಬ ಊಟ, ಚೊಕ್ಕ ನೀರು, ಮೇಲಿಂದ ಮೇಲೆ ಜ್ವರ ಭೇದಿ ಬರದೇ ಇರೋದು. ಇಷ್ಟು ಸಿಕ್ಕಿದ್ದಕ್ಕೇ ವಯಸ್ಸು ಅಷ್ಟು ಇಳೀತು. ಹಾಗಾಗಿ ಬೇಗ ಆಗೋದೆಲ್ಲ ಕೇಡು ಅಂತ ತಿಳೀಬೇಡಿ. ನಿಮಗೆ ಹದಿನಾಲ್ಕು ದಾಟಿದ್ದಕ್ಕೆ ಕಾರಣ ನಿಮಗೇ ಗೊತ್ತಲ್ಲ.”

ಅತ್ತೆಗೆ ಗೊತ್ತಿತ್ತು. ಏಳು ಮಕ್ಕಳ ಮನೆ. ರಾಗಿ ಮುದ್ದೆ ಗಂಡಸರಿಗೆ ಮೊದಲು, ಹೆಣ್ಣುಮಕ್ಕಳಿಗೆ ಕೊನೆಗೆ. ಕ್ಷಾಮ ಬಂದ ವರ್ಷ ಗೆಣಸು ಬೇಯಿಸಿ ತಿಂದದ್ದು.

ಅನ್ನದ ಋಣ ಮೈಗೆ ಎಷ್ಟು ಅಂಟಿರುತ್ತದೆ ಎಂಬುದಕ್ಕೆ ಡಾಕ್ಟರು ಸ್ವೀಡನ್ನಿನ ಒಂದು ಅಧ್ಯಯನ ಹೇಳಿದಳು. ಭಾರತದಿಂದ ದತ್ತು ಹೋಗಿ ಅಲ್ಲಿ ಬೆಳೆದ 107 ಹುಡುಗಿಯರದು. 1991ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಅವರಲ್ಲಿ ಅರ್ಧದಷ್ಟು ಹುಡುಗಿಯರು 11.6 ವರ್ಷ ತುಂಬುವಷ್ಟರಲ್ಲೇ ಮುಟ್ಟಾಗಿದ್ದರು. ಸ್ವೀಡನ್ನಿನ ಹುಡುಗಿಯರ ಸರಾಸರಿ ಆಗ 13. ಭಾರತದಲ್ಲೇ ಉಳಿದು ಅನುಕೂಲಸ್ಥರ ಮನೆಯಲ್ಲಿ ಬೆಳೆದವರೂ 12 ದಾಟಿದ ಮೇಲೆಯೇ ಆಗುತ್ತಿದ್ದರು.

“ಎರಡೂ ದೇಶದವರಿಗಿಂತ ಮುಂಚೆ!” ಅತ್ತೆಯ ಕೈ ನಿಂತಿತು. “ಯಾಕೆ?”

“ಅಲ್ಲಿಗೆ ಹೋದಾಗ ಬಹಳ ಮಕ್ಕಳು ಕುಳ್ಳಗೆ, ಬಡಕಲಾಗಿದ್ದವು. ಬಸಿರಲ್ಲಿದ್ದಾಗ ತಾಯಿಗೆ ಊಟ ಇಲ್ಲ, ಹುಟ್ಟಿದ ಮೇಲೆ ಮಗುವಿಗೂ ಇಲ್ಲ. ಸ್ವೀಡನ್ನಿಗೆ ಹೋದ ಕೂಡಲೇ ಹಾಲು, ಮೊಟ್ಟೆ, ಮಾಂಸ, ಔಷಧಿ. ಸೊರಗಿದ ಪೈರಿಗೆ ಒಂದೇ ಸಲ ನೀರು ಗೊಬ್ಬರ ಬಿದ್ದ ಹಾಗೆ ಸರ್ರನೆ ಬೆಳೆದರು. ಹಾಗೆ ತುಂಬ ಬೇಗ ಬೆಳೆದವರೇ ತುಂಬ ಬೇಗ ನೆರೆದರು. ಬಡತನದಲ್ಲಿ ಹುಟ್ಟಿ ಸಮೃದ್ಧಿಯಲ್ಲಿ ಬೆಳೆಯೋದು ಅಂದರೆ ಇದೇ. ಈ ಮಕ್ಕಳು ಅದನ್ನ ವಿಮಾನದಲ್ಲಿ ಒಂದು ದಿನದಲ್ಲಿ ದಾಟಿದರು. ನಮ್ಮ ದೇಶ ಎರಡು ತಲೆಮಾರಿನಲ್ಲಿ ದಾಟ್ತಿದೆ.”

ಮೈಸೂರಿನಲ್ಲೂ ಇದಕ್ಕೆ ಹತ್ತಿರದ ಒಂದು ಕಥೆ ಇದೆ ಎಂದಳು. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಳ ಕಾಲ ಹಿಂಬಾಲಿಸಿ ಅಳೆದರು. ಬ್ರಿಟನ್ನಿನ ಕೂಸುಗಳಿಗೆ ಹೋಲಿಸಿದರೆ ನಮ್ಮ ಕೂಸುಗಳು ತೂಕದಲ್ಲಿ ಕಡಿಮೆ, ಮೈಯಲ್ಲಿ ಮಾಂಸಖಂಡ ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರಲಿಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಜೋಪಾನ ಮಾಡಿಕೊಳ್ಳುವ ಮೈ. ಮುಂದೆ ಊಟ ಹೆಚ್ಚಿ ಓಡಾಟ ಕಡಿಮೆಯಾದರೆ ಅಂಥ ಮೈಗೆ ಕೊಬ್ಬು ಬೇಗ ಹತ್ತುತ್ತದೆ.

“ಕೊಬ್ಬಿಗೂ ಮುಟ್ಟಿಗೂ ಏನು ಸಂಬಂಧ?”

“ಮಿದುಳಿಗೆ ಮನೆ ಕಣಜದ ಲೆಕ್ಕ ಬೇಕು ಅತ್ತೆ. ಹೆಣ್ಣಿನ ಮೈ ಮುಂದೆ ಒಂದು ಜೀವ ಹೊರಬೇಕು, ಅದಕ್ಕೆ ದಾಸ್ತಾನು ಇದೆಯೋ ಇಲ್ಲವೋ? ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನೋ ಹಾರ್ಮೋನು ಬಿಟ್ಟು ಆ ಸುದ್ದಿ ಕಳಿಸುತ್ತವೆ. 1994ರಲ್ಲಿ ಇದು ಪತ್ತೆಯಾಯ್ತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಮಕ್ಕಳು ಅಪರೂಪಕ್ಕೆ ಇರ್ತಾರೆ. ಅವರು ಎಷ್ಟು ದಪ್ಪ ಆದರೂ ನೆರೆಯೋದಿಲ್ಲ. ಸೂಜಿಯಲ್ಲಿ ಅದನ್ನ ಕೊಟ್ಟರೆ ಸಕಾಲದಲ್ಲಿ ಬೆಳೀತಾರೆ. ಆದರೆ ಲೆಪ್ಟಿನ್ ಬಾಗಿಲ ಅಗುಳಿ ತೆಗೆಯುತ್ತೆ, ಅಷ್ಟೇ. ಬಾಗಿಲು ದೂಡೋದು ಮಿದುಳಿನ ಒಳಗಿರೋ ಕೆಲವು ನರಕೋಶಗಳು. ಅವು ಎಚ್ಚರ ಆದರೆ ಅಂಡಾಶಯಕ್ಕೆ ಸಂದೇಶ ಹೋಗುತ್ತೆ. ಯಾವಾಗ ಎಚ್ಚರ ಆಗಬೇಕು ಅನ್ನೋದರಲ್ಲಿ ಸುಮಾರು ಅರ್ಧ ಪಾಲು ವಂಶದ್ದು. ಇವಳ ಅಮ್ಮನೂ ಹನ್ನೊಂದಕ್ಕೇ ಆಗಿದ್ದರಲ್ಲ.”

ಸೊಸೆಯ ಸುದ್ದಿ ಬಂದದ್ದೇ ಟೀಚರಮ್ಮ ದನಿ ತಗ್ಗಿಸಿದರು. ಮಗನ ಹೆಂಡತಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ವಿಷಯ ತಿಳಿದು ಬಂದ ನೆಂಟರೆಲ್ಲ ಅವಳನ್ನು ಕೇಳಿದ್ದು ಒಂದೇ: ಮಗೂಗೆ ಏನು ತಿನ್ನಿಸ್ತಿದ್ದೆ? ಫಾರಂ ಕೋಳಿ ಕೊಡ್ತಿದ್ದೆಯಾ? ಪ್ಯಾಕೆಟ್ ಹಾಲು ಕುಡಿಸ್ತಿದ್ದೆಯಾ?

“ನಾನೂ ಬಾಯಿ ಬಿಟ್ಟು ಕೇಳದಿದ್ದರೂ ಮನಸ್ಸಲ್ಲಿ ಹಾಗೇ ಅಂದುಕೊಂಡೆ,” ಎಂದರು. “ಕೋಳಿಗೆ ಸೂಜಿ ಹಾಕ್ತಾರೆ ಅಂತಾರಲ್ಲ.”

“ನನ್ನ ಹತ್ತಿರ ಬರೋ ಎಲ್ಲ ತಾಯಂದಿರೂ ಇದನ್ನೇ ಕೇಳ್ತಾರೆ. ಫಾರಂ ಕೋಳಿ ನಲವತ್ತು ದಿನಕ್ಕೇ ದಪ್ಪ ಆಗೋದು ತಳಿಯಿಂದ, ಮೇವಿನಿಂದ. ಸಾವಿರಾರು ಕೋಳಿ ಇರೋ ಶೆಡ್ಡಿನಲ್ಲಿ ಒಂದೊಂದನ್ನೂ ಹಿಡಿದು ಹಾರ್ಮೋನು ಚುಚ್ಚಿದರೆ ಸಾಕಿದವನಿಗೆ ಗಿಟ್ಟೋದಿಲ್ಲ. ಅಲ್ಲಿ ಚಿಂತೆ ಮಾಡಬೇಕಾದ್ದು ಆಂಟಿಬಯಾಟಿಕ್ ಬಗ್ಗೆ, ಅದು ಬೇರೆ ವಿಷಯ. ಹಾಲಿನದು ಆಕ್ಸಿಟೋಸಿನ್ ಗಲಾಟೆ. ಹಸುಗೆ ಅದನ್ನ ಚುಚ್ಚಿ ಹಾಲು ಇಳಿಸೋದು ತಪ್ಪು, ಅದು ಪ್ರಾಣಿಹಿಂಸೆ. ಅದನ್ನ ತಡೆಯೋಕೆ ಅಂತಲೇ 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗೆ ಈ ಔಷಧಿಯನ್ನ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿ ಒಂದೇ ಮಾಡಬೇಕು ಅಂತ ಹೊರಟಿತ್ತು. ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅದನ್ನ ರದ್ದು ಮಾಡಿತು. ಆದರೆ ಅದು ಹುಡುಗೀರನ್ನ ನೆರೆಸೋ ಹಾರ್ಮೋನೇ ಅಲ್ಲ. ಹಾಲಲ್ಲಿ ಬಂದರೂ ಹೊಟ್ಟೇಲಿ ಜೀರ್ಣ ಆಗಿಹೋಗುತ್ತೆ. ಈ ಮಗುವಿನ ತೂಕ ವಯಸ್ಸಿಗೆ ತಕ್ಕ ಹಾಗಿದೆ. ತಾಯಿ ಯಾವ ತಪ್ಪೂ ಮಾಡಿಲ್ಲ ಅಂತ ನೀವೇ ಅವಳಿಗೆ ಹೇಳಬೇಕು. ನಾನು ಹೇಳಿದರೆ ಡಾಕ್ಟರು ಹೇಳಿದಳು ಅಂತಾಗುತ್ತೆ. ಅತ್ತೆ ಹೇಳಿದರೆ ನೆಂಟರ ಬಾಯಿ ಮುಚ್ಚುತ್ತೆ.”

ಹಾಗೆಂದು ತಾಯಂದಿರ ಅಂಜಿಕೆ ಪೂರ್ತಿ ಹುಸಿ ಎಂದು ಅವಳು ಹೇಳಲಿಲ್ಲ. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೆಂಕಿ ನಿರೋಧಕ ರಾಸಾಯನಿಕವೊಂದು ಕೈತಪ್ಪಿನಿಂದ ಹಸುಗಳ ಮೇವಿಗೆ ಬೆರೆತುಹೋಯಿತು. ಗೊತ್ತಾಗುವಷ್ಟರಲ್ಲಿ ಜನ ತಿಂಗಳುಗಟ್ಟಲೆ ಆ ಹಾಲು ಮಾಂಸ ಸೇವಿಸಿದ್ದರು. ಅದು ಮೈಯಲ್ಲಿ ಹೆಚ್ಚು ಸೇರಿದ್ದ ತಾಯಂದಿರ ಎದೆಹಾಲು ಕುಡಿದು ಬೆಳೆದ ಹೆಣ್ಣುಮಕ್ಕಳು ಉಳಿದವರಿಗಿಂತ ಸುಮಾರು ಆರು ತಿಂಗಳಿಂದ ಒಂದು ವರ್ಷ ಮುಂಚೆ, 11.6ರ ಆಸುಪಾಸಿನಲ್ಲಿ ಮುಟ್ಟಾದರು. ಪ್ಲಾಸ್ಟಿಕ್ಕಿನಲ್ಲಿ, ಸುಗಂಧದ ಸಾಮಾನಿನಲ್ಲಿ ಇರುವ ಕೆಲವು ರಾಸಾಯನಿಕಗಳ ಮೇಲೂ ವಿಜ್ಞಾನಿಗಳಿಗೆ ಇದೇ ಬಗೆಯ ಅನುಮಾನವಿದೆ.

“ಮನಸ್ಸಿಗೆ ಬೀಳೋ ಪೆಟ್ಟೂ ಇದೆ ಅತ್ತೆ. ಅದು ಎರಡು ದಿಕ್ಕಿಗೂ ಎಳೆಯುತ್ತೆ. ಕ್ರೊಯೇಷಿಯಾದ ಶಿಬೆನಿಕ್ ಅನ್ನೋ ಊರಲ್ಲಿ 1990ರ ದಶಕದ ಯುದ್ಧ ಆದಮೇಲೆ ಹುಡುಗೀರ ಮುಟ್ಟಿನ ವಯಸ್ಸು ಸುಮಾರು ಮೂರು ತಿಂಗಳು ಏರಿತ್ತು. ಊಟ ಇದ್ದೂ ಮನೇಲಿ ನೆಮ್ಮದಿ ಇಲ್ಲದಿದ್ದರೆ, ಜಗಳ, ಅಪ್ಪ ಬಿಟ್ಟುಹೋಗೋದು ಇಂಥದ್ದಿದ್ದರೆ, ಕೆಲವು ಮಕ್ಕಳು ಬೇಗ ನೆರೀತಾರೆ ಅಂತ 1991ರಿಂದ ಈಚೆಗೆ ಬಹಳ ಅಧ್ಯಯನ ಆಗಿದೆ. ವಂಶದ ಪಾಲೆಷ್ಟು, ಮನೆಯ ಪಾಲೆಷ್ಟು ಅಂತ ಇನ್ನೂ ಜಗಳ ಆಡ್ತಿದಾರೆ. ಕೊರೊನಾ ಬಂದ 2020ರಲ್ಲಿ ಇಟಲಿಯ ಆಸ್ಪತ್ರೆಗಳಿಗೆ ಅಕಾಲದಲ್ಲಿ ಬೆಳೆದ ಹುಡುಗೀರು ಹಿಂದಿನ ವರ್ಷಕ್ಕಿಂತ ಎಷ್ಟೋ ಹೆಚ್ಚು ಬಂದರು. ನಮ್ಮ ಪುಣೆಯ ಡಾಕ್ಟರುಗಳೂ ಅದನ್ನೇ ಕಂಡರು. ಮನೆಯೊಳಗೆ ಕೂಡಿಹಾಕಿದ್ದು, ಮೊಬೈಲು, ನಿದ್ದೆಗೆಟ್ಟದ್ದು, ತೂಕ ಹೆಚ್ಚಿದ್ದು, ಭಯ. ಎಲ್ಲ ಒಟ್ಟಿಗೇ ಬಂದಿತ್ತು. ಯಾವುದರಿಂದ ಆಯ್ತು ಅಂತ ಬಿಡಿಸಿ ಹೇಳೋದು ಕಷ್ಟ.”

ಒಲೆಯ ಮೇಲಿನ ಬಾಣಲೆ ಆರಿತ್ತು. ಎಳ್ಳನ್ನು ಮಿಕ್ಸಿಗೆ ಹಾಕಿ ತರಿತರಿಯಾಗಿ ತಿರುವಿ, ಬೆಲ್ಲ ಕೊಬ್ಬರಿ ಬೆರೆಸಿ ಅತ್ತೆ ಉಂಡೆ ಕಟ್ಟಲು ಕೂತರು. ಅವರ ಮುಂದಿನ ಪ್ರಶ್ನೆ ನೇರವಾಗಿತ್ತು. ಇದನ್ನು ಮುಂಚೆಯೇ ಕಂಡುಹಿಡಿಯಬಹುದಿತ್ತೇ? ನಿಲ್ಲಿಸಬಹುದಿತ್ತೇ?

ಮುಟ್ಟು ಕೊನೆಗೆ ಬರುವ ಅತಿಥಿ ಎಂದಳು ಡಾಕ್ಟರು. ಎದೆಯಲ್ಲಿ ಮೊದಲ ಬೆಳವಣಿಗೆ ಕಾಣಿಸಿಕೊಂಡು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. ಬದಲಾವಣೆ ಹೆಚ್ಚಾಗಿರುವುದು ಆ ಮೊದಲ ಗುರುತಿನಲ್ಲೇ. ಅದನ್ನು ಲೋಕಕ್ಕೆ ತೋರಿಸಿದವರು ಮಾರ್ಸಿಯಾ ಹರ್ಮನ್ ಗಿಡೆನ್ಸ್. 1980ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯೂಕ್ ಆಸ್ಪತ್ರೆಯಲ್ಲಿ ದೌರ್ಜನ್ಯಕ್ಕೊಳಗಾದ ಮಕ್ಕಳನ್ನು ಪರೀಕ್ಷಿಸುತ್ತಿದ್ದಾಗ, ಎಂಟು ಒಂಬತ್ತರ ಹುಡುಗಿಯರಲ್ಲೇ ಈ ಗುರುತು ಕಂಡು ಬೆರಗಾದರು. ದೇಶದ ನಾನಾ ಕಡೆಯ ವೈದ್ಯರ ನೆರವಿನಿಂದ 17 ಸಾವಿರ ಹುಡುಗಿಯರ ಮಾಹಿತಿ ಕೂಡಿಸಿ 1997ರಲ್ಲಿ ಪ್ರಕಟಿಸಿದರು. ಮೊದಲ ಬೆಳವಣಿಗೆ ಬಿಳಿಯ ಹುಡುಗಿಯರಲ್ಲಿ ಸರಾಸರಿ ಹತ್ತಕ್ಕೂ, ಕಪ್ಪು ಹುಡುಗಿಯರಲ್ಲಿ ಒಂಬತ್ತಕ್ಕೂ ಮುಂಚೆಯೇ ಬರುತ್ತಿತ್ತು. ಆಗಿನ ಪಠ್ಯಪುಸ್ತಕಗಳಲ್ಲಿ ಇದ್ದದ್ದು ಹನ್ನೊಂದರ ಆಸುಪಾಸು. ವೈದ್ಯರಲ್ಲೇ ಅನೇಕರು ನಂಬಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1991 ಮತ್ತು 2006ರಲ್ಲಿ ಶುರುವಾದ ಎರಡು ಅಧ್ಯಯನಗಳನ್ನು ಹೋಲಿಸಿದಾಗ ಅನುಮಾನ ಕರಗಿತು. ಹದಿನೈದು ವರ್ಷದಲ್ಲಿ ಮೊದಲ ಬೆಳವಣಿಗೆ ಪೂರಾ ಒಂದು ವರ್ಷ ಮುಂದೆ ಬಂದಿತ್ತು. ಮುಟ್ಟು ಮೂರೂವರೆ ತಿಂಗಳಷ್ಟೇ.

“ಅಂದರೆ ಎರಡರ ನಡುವಿನ ದಾರಿ ಉದ್ದ ಆಗಿದೆ,” ಎಂದರು ಟೀಚರಮ್ಮ, ಲೆಕ್ಕದ ಪಾಠ ಹೇಳಿದ ಅಭ್ಯಾಸಕ್ಕೆ.

“ಹೌದು. ಮಗುವಾಗಿರೋ ಕಾಲ ಕಡಿಮೆ ಆಗಿ, ಮಗುವೂ ಅಲ್ಲ ದೊಡ್ಡವಳೂ ಅಲ್ಲ ಅನ್ನೋ ಕಾಲ ಹೆಚ್ಚಿದೆ. ಎಂಟು ತುಂಬೋದಕ್ಕೆ ಮುಂಚೆ ಎದೆ ಬೆಳವಣಿಗೆ ಕಂಡರೆ ತಡ ಮಾಡದೆ ತೋರಿಸಬೇಕು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡ್ತೀವಿ. ಅಪರೂಪಕ್ಕೆ ಮಿದುಳಲ್ಲೋ ಅಂಡಾಶಯದಲ್ಲೋ ಗಡ್ಡೆ ಇರಬಹುದು, ಅದನ್ನ ಹುಡುಕ್ತೀವಿ. ಬೇಕಾದರೆ ಚುಚ್ಚುಮದ್ದಿನಿಂದ ಬೆಳವಣಿಗೆಯನ್ನ ಕೆಲ ವರ್ಷ ತಡೆದು ನಿಲ್ಲಿಸಬಹುದು. ಇವಳಿಗೆ ಎಂಟು ದಾಟಿದ ಮೇಲೇ ಶುರುವಾದದ್ದು. ಹತ್ತು ತುಂಬೋದಕ್ಕೆ ಮುಂಚೆ ಮುಟ್ಟಾದ್ದರಿಂದ ನಾನು ಎಲ್ಲ ಪರೀಕ್ಷೆ ಮಾಡಿಸಿದೆ, ಏನೂ ತೊಂದರೆ ಇಲ್ಲ. ಈಗ ಸೂಜಿ ಕೊಟ್ಟು ಎತ್ತರದಲ್ಲಿ ದೊಡ್ಡ ಲಾಭ ಆಗಲ್ಲ. ಇನ್ನೂ ಕೆಲವು ಸೆಂಟಿಮೀಟರ್ ಬೆಳೀತಾಳೆ. ಅವಳ ಮೈಗೆ ನನ್ನಿಂದ ಆಗಬೇಕಾದ್ದು ಮುಗೀತು. ಇನ್ನು ಉಳಿದದ್ದು ನಿಮ್ಮ ಕೈಲಿದೆ.”

“ನನ್ನ ಕೈಲಿ ಏನಿದೆ?”

“ಭಾನುವಾರ ಏನು ಮಾಡ್ತೀರಿ ಹೇಳಿ.”

ಟೀಚರಮ್ಮ ವಿವರಿಸಿದರು. ಸೋದರಮಾವ ಬಂದು ಹಸಿರು ಗರಿಯ ಗುಡ್ಲು ಹಾಕಿದ್ದಾನೆ, ಹಿತ್ತಿಲಲ್ಲಿದೆ. ಅವಳು ಅದರೊಳಗೆ ಕೂರಲ್ಲ ಅಂತ ಅತ್ತಳು, ಅದಕ್ಕೆ ಕೋಣೇಲಿ ಇದ್ದಾಳೆ. ಊರಿನ ಮುನ್ನೂರು ಜನಕ್ಕೆ ಊಟ. ಮಗ ಅವಳ ಫೋಟೋವನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟಿದ್ದಾನೆ, ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟುವುದಕ್ಕೆ. ಹದಿನಾರು ದಿನ ಶಾಲೆಗೆ ಕಳಿಸುವುದು ಬೇಡ ಎಂದು ಊರ ಹಿರಿಯರು ಹೇಳಿದ್ದಾರೆ.

ಡಾಕ್ಟರು ತುರಿಮಣೆ ಪಕ್ಕಕ್ಕಿಟ್ಟಳು. “ಬಸ್ ಸ್ಟ್ಯಾಂಡಿನಲ್ಲಿ ಅವಳ ಫೋಟೋ ನೋಡೋ ಗಂಡಸರಿಗೆ ಆ ಫ್ಲೆಕ್ಸು ಏನು ಹೇಳುತ್ತೆ ಅತ್ತೆ? ಹಿಂದೆ ಈ ಶಾಸ್ತ್ರ ಊರಿಗೆ ಹೇಳ್ತಿದ್ದದ್ದೇ ನಮ್ಮ ಮನೇಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಅಂತ. ಈಗ ನಾಲ್ಕನೇ ಕ್ಲಾಸಿನ ಮಗುವಿನ ಬಗ್ಗೆ ಅದನ್ನ ಹೇಳ್ತೀವಾ? ಬೇಗ ಬೆಳೆದ ಹುಡುಗೀರನ್ನ ನೋಡೋರು ಹದಿನಾಲ್ಕರವಳು ಅಂದ್ಕೊಂಡು ಮಾತಾಡಿಸ್ತಾರೆ, ಬೈತಾರೆ, ಕೆಲಸ ಹೇಳ್ತಾರೆ. ಕೆಟ್ಟ ಕಣ್ಣೂ ಹಾಕ್ತಾರೆ. ಬೇಗ ಬೆಳೆದ ಹುಡುಗೀರಲ್ಲಿ ಖಿನ್ನತೆ ಹೆಚ್ಚು, ದೌರ್ಜನ್ಯಕ್ಕೆ ಸಿಕ್ಕಿಹಾಕಿಕೊಳ್ಳೋದು ಹೆಚ್ಚು ಅಂತ ಮನಶ್ಶಾಸ್ತ್ರಜ್ಞರು ಕಂಡಿದಾರೆ. ಮೈ ಮುಂದೆ ಓಡಿದ ಮಾತ್ರಕ್ಕೆ ಮನಸ್ಸು ಅದರ ಹಿಂದೆ ಓಡಿಬರಲ್ಲ.”

ಮೈ ನೋಡಿ ವಯಸ್ಸು ಕಟ್ಟುವ ಈ ರೂಢಿಯ ವಿರುದ್ಧ ಕಾನೂನು ನಿಧಾನವಾಗಿ ನಡೆದು ಬಂದಿದೆ. ಬ್ರಿಟಿಷ್ ಇಂಡಿಯಾದಲ್ಲಿ ಫುಲ್‌ಮಣಿ ದಾಸಿ ಎಂಬ ಬಾಲಕಿ ಗಂಡನಿಂದ ಸತ್ತ ಮೇಲೆ, 1891ರಲ್ಲಿ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು. ಮೈನೆರೆದ ಕೂಡಲೇ ಗರ್ಭಾಧಾನ ಆಗಲೇಬೇಕು, ಇದು ಧರ್ಮದಲ್ಲಿ ಕೈಹಾಕಿದಂತೆ ಎಂದು ತಿಲಕರಂಥವರೇ ವಿರೋಧಿಸಿದ್ದರು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದವರು ಮದುವೆಯಾಗುವುದನ್ನೂ ನಿಷೇಧಿಸಿತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ 14 ಎಂದಿತು. ಈಗ 18. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಸುಪ್ರೀಂ ಕೋರ್ಟು 2017ರಲ್ಲಿ ಇದನ್ನು ಮೆಚ್ಚಿ, ಉಳಿದ ರಾಜ್ಯಗಳೂ ಅನುಸರಿಸಲಿ ಎಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿ ಹದಿನೆಂಟರೊಳಗೆ ಮದುವೆಯಾದವರು.

ನೂರರಲ್ಲಿ ಆ ಇಪ್ಪತ್ತೊಂದು ಮಂದಿ ಯಾರೆಂದು ಟೀಚರಮ್ಮ ಹೇಳಬಲ್ಲರು. ಹದಿನಾರು ದಿನದ ಗೈರಿನ ನಂತರ ಕೆಲವು ಹುಡುಗಿಯರು ವಾಪಸು ಬರುತ್ತಲೇ ಇರಲಿಲ್ಲ. ತಿಂಗಳು ಕಾದು, ಮನೆಗೆ ಎರಡು ಸಲ ಹೋಗಿ ಬಂದು, ಕೊನೆಗೆ ಹೆಸರಿಗೆ ಅಡ್ಡಗೆರೆ ಎಳೆಯಬೇಕಿತ್ತು. ಎಳೆದದ್ದು ಅವರದೇ ಕೈ.

“ನನ್ನದೂ ಹಾಗೇ ಆಗಬೇಕಿತ್ತು,” ಎಂದರು ಅವರು. “ಹೈಸ್ಕೂಲಲ್ಲಿ ಖೋಖೋ ಟೀಮಿನಲ್ಲಿದ್ದೆ. ಹದಿನಾರು ದಿನ ಗುಡ್ಲಲ್ಲಿ ಕೂತೆ, ಅರ್ಧವಾರ್ಷಿಕ ಪರೀಕ್ಷೆ ಹೋಯ್ತು. ಶಾಲೆ ಬಿಡಿಸಿಬಿಡಿ ಅಂದರು. ನಿನ್ನ ತಾತ ಒಪ್ಪಲಿಲ್ಲ, ಓದಲಿ ಅಂದರು. ಆದರೆ ಆಟ ಬೇಡ ಅಂದರು. ಆಮೇಲೆ ಆ ಬಯಲಿಗೆ ನಾನು ಕಾಲಿಡಲೇ ಇಲ್ಲ.”

ಸ್ವಲ್ಪ ಹೊತ್ತು ಉಂಡೆ ಕಟ್ಟುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

“ಶಾಲೆಯಲ್ಲಿ ಇವಳಿಗೆ ಈಗ ಏನಿದೆ ನೋಡಿ,” ಎಂದಳು ಡಾಕ್ಟರು. “ಶುಚಿ ಯೋಜನೆ 2013–14ರಲ್ಲಿ ಬಂತು, ನಡುವೆ ಕೆಲವು ವರ್ಷ ನಿಂತು ಮತ್ತೆ ಶುರುವಾಯ್ತು. ಅದರ ಪ್ಯಾಡು ಕೊಡೋದು ಹತ್ತರಿಂದ ಹತ್ತೊಂಬತ್ತರವರಿಗೆ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕು ಕೂಡ ಹತ್ತರಿಂದ. ಹದಿಹರೆಯ ಹತ್ತಕ್ಕೆ ಶುರು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಗೆರೆ ಹಾಕಿದೆ. ಇವಳು ಎರಡು ತಿಂಗಳ ಕೊರತೆಯಿಂದ ಗೆರೆಯ ಆಚೆ ಉಳಿದಳು. ಹದಿಹರೆಯದ ಪಾಠ ಬಹಳ ಕಾಲದಿಂದ ಎಂಟನೇ ಕ್ಲಾಸಿನ ವಿಜ್ಞಾನದಲ್ಲಿದೆ. ಅಷ್ಟು ಹೊತ್ತಿಗೆ ಇವಳಿಗೆ ನಾಲ್ಕು ವರ್ಷ ಮುಟ್ಟಾಗಿರುತ್ತೆ. ಮೊನ್ನೆ ರಕ್ತ ನೋಡಿ ತನಗೆ ಏನೋ ರೋಗ ಬಂದಿದೆ, ಸತ್ತುಹೋಗ್ತೀನಿ ಅಂದುಕೊಂಡಿದ್ದಳಂತೆ. ಅರ್ಧ ದಿನ ಯಾರಿಗೂ ಹೇಳಿಲ್ಲ.”

“ನನಗೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ಮನೇಲೇ ಇದ್ದೆ.” ಅತ್ತೆಯ ದನಿ ಕಂಪಿಸಿತು. “ಮೂರನೇ ಕ್ಲಾಸಲ್ಲೇ ಹೇಳಿಕೊಡಬೇಕಿತ್ತು. ಹಲ್ಲು ಬೀಳುತ್ತೆ, ಮತ್ತೆ ಹುಟ್ಟುತ್ತೆ ಅಂತ ಹೇಳಿಕೊಡೋ ಹಾಗೆ ಇದನ್ನೂ ಹೇಳಬಹುದಿತ್ತು. ಆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನ ಚಿಲಕ ಇಲ್ಲ ಅಂತ ಇವಳು ಹೋದ ವರ್ಷವೇ ಹೇಳಿದ್ದಳು. ಸಣ್ಣ ಮಕ್ಕಳ ಶಾಲೆ, ಏನಾಗುತ್ತೆ ಅಂತ ಸುಮ್ಮನಾದೆ.”

ಗುಡ್ಲಿನ ಮಾತು ಬಂದಾಗ ಇಬ್ಬರೂ ಪೂರ್ತಿ ಒಪ್ಪಲಿಲ್ಲ. ಶಾಸ್ತ್ರವನ್ನೇ ಕೈಬಿಡಿ ಎಂದಳು ಡಾಕ್ಟರು. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಊರಾಚೆ ಇರಬೇಕಾದ ಪಾಡನ್ನು, ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ 2017ರ ಕಾಯ್ದೆ ಅಂಥ ಒತ್ತಾಯವನ್ನು ಅಪರಾಧವೆಂದದ್ದನ್ನು ನೆನಪಿಸಿದಳು. ಟೀಚರಮ್ಮ ತಲೆ ಅಲ್ಲಾಡಿಸಿದರು. ಹೊರಗೆ ಕೂರಿಸುವುದು ಬೇಡ, ನಿಜ. ಆದರೆ ಎಳ್ಳು, ಬೆಲ್ಲ, ತುಪ್ಪ, ಕೊಬ್ಬರಿ ಕೊಟ್ಟು ಆ ಮಗುವನ್ನು ನಾಲ್ಕು ದಿನ ಆರೈಕೆ ಮಾಡುವುದರಲ್ಲಿ ತಪ್ಪೇನು? ಬರಗಾಲದ ಮನೆಗಳಲ್ಲಿ ಹೆಣ್ಣುಮಗುವಿನ ತಟ್ಟೆಗೆ ತುಪ್ಪ ಬೀಳುತ್ತಿದ್ದದ್ದು ಹುಟ್ಟಿದ ಮೇಲೆ ಆಗಲೇ ಮೊದಲ ಸಲ. ಅದನ್ನೂ ಕಿತ್ತುಕೊಳ್ಳಬೇಕೇ?

ಡಾಕ್ಟರು ಉತ್ತರ ಕೊಡಲಿಲ್ಲ. ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು.

ಅತ್ತೆ ಕೈ ತೊಳೆದು ಮಗನಿಗೆ ಫೋನು ಮಾಡಿದರು. ಫ್ಲೆಕ್ಸ್ ಬೇಡ, ಅಂಗಡಿಯವನಿಗೆ ಕೊಟ್ಟ ಮುಂಗಡ ಹೋದರೆ ಹೋಗಲಿ. ಮುನ್ನೂರು ಎಲೆಯೂ ಬೇಡ, ಮನೆಯವರು ಮತ್ತು ಸೋದರಮಾವನ ಮನೆಯವರು ಸಾಕು. ಭಾನುವಾರಕ್ಕೆ ಐದು ದಿನ ತುಂಬುತ್ತದೆ, ನೀರು ಹಾಕಿ ಆರತಿ ಎತ್ತಿ ಮುಗಿಸುವುದು. ಸೋಮವಾರ ಮಗು ಶಾಲೆಗೆ ಹೋಗುತ್ತದೆ. ಆ ಕಡೆಯಿಂದ ಏನೋ ಕೇಳಿಬಂತು. “ನಾನೇ ಜೊತೇಲಿ ಹೋಗ್ತೀನಿ,” ಎಂದರು ಅವರು. “ಬರುವಾಗ ಹಾರ್ಡ್‌ವೇರ್ ಅಂಗಡೀಲಿ ಬಾಗಿಲಿಗೆ ಹಾಕೋ ಚಿಲಕ ಒಂದು ತಗೊಂಡು ಬಾ. ಸ್ಕ್ರೂ ಸಮೇತ.”

ಮಾತು ಕಿವಿಗೆ ಬಿದ್ದಿತ್ತೇನೋ, ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಬಣ್ಣ ಅರ್ಧ ತುಂಬಿದ ನವಿಲು.

“ಅಜ್ಜಿ, ಸೋಮವಾರ ನಮ್ದು ಖೋಖೋ ಇದೆ.”

“ಹೊಟ್ಟೆ ನೋವಿಲ್ಲದಿದ್ದರೆ ಆಡು.”

ಅವಳು ಉಂಡೆಗಳ ತಟ್ಟೆಯನ್ನು ನೋಡಿದಳು. “ಇವೆಲ್ಲ ನನಗೇನಾ? ಟೀಮಿಗೂ ತಗೊಂಡು ಹೋಗ್ಲಾ? ಒಂಬತ್ತು ಜನ ಇದೀವಿ.” ಒಂದು ಕ್ಷಣ ತಡೆದು ಕೇಳಿದಳು, “ಯಾಕೆ ಕೊಡ್ತಿದೀಯ ಅಂದ್ರೆ ಏನು ಹೇಳ್ಲಿ?”

ಟೀಚರಮ್ಮ ಡಾಕ್ಟರ ಮುಖ ನೋಡಿದರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಅಟ್ಟಣಿಗೆಯಿಂದ ಸ್ಟೀಲಿನ ಡಬ್ಬಿ ಇಳಿಸಿಕೊಂಡರು. “ಏನಾಯ್ತೋ ಅದನ್ನೇ ಹೇಳು. ಅವರಿಗೂ ಗೊತ್ತಿರಲಿ,” ಎಂದು, ಒಂದೊಂದೇ ಉಂಡೆ ಎಣಿಸಿ ಡಬ್ಬಿಗೆ ಹಾಕತೊಡಗಿದರು.